ಕಾಡಿಗೆ ಹೋಗಬೇಡಿ ಅನ್ನೋದು ಸುಲಭ

ನಿನ್ನೆ ಸಂಜೆ ನಮ್ಮೂರ ಶಾಲೆ ಜಗಲಿಯಲ್ಲಿ ಮಂಗನ ಕಾಯಿಲೆ ಬಗ್ಗೆ ಸಭೆ ಇತ್ತು. ಹೋಗಿದ್ದೆ. ಮಾತಾಡಲು ಬಂದವರು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು: "ಕಾಡಿಗೆ ಹೋಗಬೇಡಿ. ಎಷ್ಟು ಹೇಳಿದರೂ ನೀವು ಕೇಳೋದಿಲ್ಲ." ಎದುರು ಕೂತವರಲ್ಲಿ ಮುಕ್ಕಾಲು ಪಾಲು ಹೆಂಗಸರು. ದರಗು, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ, ಗುಡಿಸಿ ಹೊತ್ತು ತರುವವರು. ಹಿಂದೆ ಕೂತಿದ್ದ ಒಬ್ಬರು ಮಾತ್ರ "ಹೋಗದಿದ್ರೆ ಕೊಟ್ಟಿಗೆಗೆ ಏನು ಹಾಸೋದು ಸರ್?" ಅಂದರು. ಉತ್ತರ ಬರಲಿಲ್ಲ. ಮಾತು ಬೇರೆ ಕಡೆ ಹೋಯಿತು. ನನಗೆ ರಾತ್ರಿಯೆಲ್ಲ ಹೊಟ್ಟೆ ಉರಿಯಿತು.

ಘಟ್ಟದ ಕೆಳಗಿನ, ಬಯಲುಸೀಮೆಯ ಸ್ನೇಹಿತರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನಕ್ಕೂ ಜ್ವರ ಬಂತು. ಮೊದಲು ಹಳದಿ ಜ್ವರ ಇರಬಹುದಾ ಅಂತ ಹೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಹೊಸ ವೈರಸ್, ಹರಡುವುದು ಉಣುಗು, ಅಂದರೆ ರಕ್ತ ಕುಡಿಯುವ ಉಣ್ಣೆ, ಅಂತ ಗೊತ್ತಾಯಿತು. ಕಾಯಿಲೆಗೆ ಆ ಕಾಡಿನ ಹೆಸರೇ ಉಳಿಯಿತು, ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ ಕೆಎಫ್‌ಡಿ ಅಂತ. ಇದ್ದಕ್ಕಿದ್ದಂತೆ ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವು. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಜ್ವರ ಬಿಟ್ಟಿತು ಅಂದುಕೊಂಡ ಮೇಲೆ ಮತ್ತೆ ಮರುಕಳಿಸಿ ಮೆದುಳಿಗೆ ತೊಂದರೆ ಕೊಡುವುದೂ ಉಂಟು. ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಜನ ಉಳಿಯುವುದಿಲ್ಲ. ಇದಕ್ಕೇ ಅಂತ ಔಷಧಿ ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡುವುದೂ ಇಲ್ಲ. ಅಂದರೆ ಉಣುಗು ಇರುವ ಕಡೆ ಯಾರು ಮೈ ಒಡ್ಡುತ್ತಾರೋ ಅವರಿಗೇ ಬರುತ್ತದೆ.

ಹಾಗಾದರೆ ಯಾರು ಮೈ ಒಡ್ಡುತ್ತಾರೆ? ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದು.

ದೊಡ್ಡ ಉಣುಗು ಮಳೆಗಾಲದಲ್ಲಿ ದನಗಳ ಮೈಮೇಲೆ ರಕ್ತ ಕುಡಿದು ಬೆಳೆಯುತ್ತದೆ. ಅದರ ಮರಿಗಳು ಮುಂದಿನ ಹಂತಕ್ಕೆ ಬಂದು ನಮ್ಮನ್ನು ಕಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ. ಆಗ ಅದು ಎಳ್ಳಿನ ಕಾಳಿಗಿಂತ ಚಿಕ್ಕದು. ಕಣ್ಣಿಗೆ ಕಾಣುವುದೇ ಕಷ್ಟ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಸರಿಯಾಗಿ ಅದೇ ತಿಂಗಳುಗಳಲ್ಲಿ ಮಲೆನಾಡಿನಲ್ಲಿ ಎಲೆ ಉದುರುತ್ತದೆ. ಮಳೆ ಹಿಡಿಯುವ ಮೊದಲು ದರಗು ಮನೆ ಸೇರಬೇಕು. ಹೆಂಗಸರು ಬೆಳಗ್ಗೆ ಬೇಗ ಹೊರಡುತ್ತಾರೆ. ಬಗ್ಗಿ ಗುಡಿಸುತ್ತಾರೆ, ರಾಶಿ ಮಾಡುತ್ತಾರೆ, ಕಾಲಲ್ಲಿ ತುಳಿದು ಬುಟ್ಟಿಗೆ ಒತ್ತುತ್ತಾರೆ, ತಲೆ ಮೇಲೆ ಹೊರುತ್ತಾರೆ. ಕುತ್ತಿಗೆ, ಬೆನ್ನಿಗೆಲ್ಲ ಎಲೆ ಉದುರುತ್ತಲೇ ಇರುತ್ತದೆ. ಸುಸ್ತಾದರೆ ಅದೇ ಎಲೆ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಉಣುಗಿಗೆ ಇನ್ನೇನು ಬೇಕು?

ಆ ದರಗು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗುತ್ತದೆ. ಗೊಬ್ಬರ ಅಡಿಕೆ ತೋಟಕ್ಕೆ ಹೋಗುತ್ತದೆ. ನಮ್ಮ ತೋಟವೂ ಇದರಿಂದಲೇ ನಿಂತಿದೆ. ನಾನು ಓದಿದ್ದು ಆ ತೋಟದ ದುಡ್ಡಿನಿಂದ. ದರಗಿನ ಹೊರೆ ಹೊತ್ತವರು ಬೇರೆಯವರು. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ, ಆದರೆ ಬರೆಯದಿದ್ದರೆ ಮಿಕ್ಕ ಮಾತಿಗೆ ಬೆಲೆ ಇಲ್ಲ.

"ವೈರಸ್‌ಗೆ ಬಡವ, ಶ್ರೀಮಂತ ಅಂತ ಗೊತ್ತಾಗುತ್ತಾ? ತೋಟದ ಮಾಲೀಕರಿಗೂ ಬಂದಿದೆಯಲ್ಲ" ಅಂತ ಕೆಲವರು ಕೇಳುತ್ತೀರಿ. ಬಂದಿದೆ, ಇಲ್ಲ ಅನ್ನುವುದಿಲ್ಲ. ವೈರಸ್‌ಗೆ ಗೊತ್ತಾಗುವುದಿಲ್ಲ, ನಿಜ. ಆದರೆ ಜನವರಿಯ ಬೆಳಗ್ಗೆ ಎಲೆ ರಾಶಿಯೊಳಗೆ ಯಾರ ಕಾಲಿರುತ್ತದೆ ಅನ್ನುವುದನ್ನು ಕೂಲಿ ತೀರ್ಮಾನ ಮಾಡುತ್ತದೆ. ಜ್ವರ ಬಂದು ವಾರಗಟ್ಟಲೆ ಮಲಗಿದರೆ ಒಂದು ಮನೆಯಲ್ಲಿ ಬೇಸರ, ಇನ್ನೊಂದು ಮನೆಯಲ್ಲಿ ಒಲೆ ಉರಿಯುವುದಿಲ್ಲ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಸಾಲು ಸಾಲು ಸಾವಾದಾಗ, ಕಾಯಿಲೆ ಜೋರಾದವರನ್ನು ಮಣಿಪಾಲದವರೆಗೂ ಸಾಗಿಸಬೇಕಾಯಿತು. ಘಟ್ಟ ಇಳಿದು ಹೋಗಿ ವಾರಗಟ್ಟಲೆ ಆಸ್ಪತ್ರೆ ಬಾಗಿಲಲ್ಲಿ ಕೂರಲು ಎಲ್ಲರ ಮನೆಯಲ್ಲೂ ಜನ ಇರುತ್ತಾರಾ?

ಗ್ಯಾಸ್ ಕೊಟ್ಟಿದ್ದೇವಲ್ಲ, ಸೌದೆಗೆ ಯಾಕೆ ಹೋಗಬೇಕು ಅನ್ನುವುದು ಇನ್ನೊಂದು ಮಾತು. ಗ್ಯಾಸ್‌ನಲ್ಲಿ ಸ್ನಾನದ ನೀರು ಕಾಯಿಸಿ, ಅಡಿಕೆ ಬೇಯಿಸಿ ನೋಡಿ, ಆಮೇಲೆ ಮಾತಾಡೋಣ.

ಕಾಡಿನದೂ ಒಂದು ಕಥೆ ಇದೆ. 1980ರ ದಶಕದ ಶುರುವಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟ ಮಾಡಲು ಕಾಡು ಕಡಿದರು. ಆ ಭಾಗದಲ್ಲಿ ಕಾಯಿಲೆ ಯಾವತ್ತೂ ಇಲ್ಲದಷ್ಟು ಜೋರಾಗಿ ಎದ್ದಿತು. ದಟ್ಟ ಕಾಡನ್ನು ಅಲ್ಲಲ್ಲಿ ತೆರೆದರೆ ಅಂಚಿನಲ್ಲಿ ಕುರುಚಲು ಬೆಳೆಯುತ್ತದೆ, ಅಲ್ಲಿಗೆ ದನ ಬರುತ್ತದೆ, ದನದ ಜೊತೆ ಉಣುಗು ಜಾಸ್ತಿಯಾಗುತ್ತದೆ. ಮಂಗ, ದನ, ಮನುಷ್ಯ ಎಲ್ಲರೂ ಒಂದೇ ಜಾಗದಲ್ಲಿ ಓಡಾಡುವ ಹಾಗಾಗುತ್ತದೆ. ಕಾಡು ಕಡಿಯಿರಿ ಅಂತ ಹೇಳಿದವರು ಬೇರೆ, ಕತ್ತಿ ಹಿಡಿದು ಒಳಗೆ ಹೋದ ಕೂಲಿಯವರು ಬೇರೆ. ಅವರಿಗೂ ಯಾರಾದರೂ "ಕಾಡಿಗೆ ಹೋಗಬೇಡಿ" ಅಂದಿದ್ದರಾ?

ಲಸಿಕೆ ವಿಷಯಕ್ಕೂ ಜನರನ್ನೇ ಬೈದರು. ಹಳೇ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚಿಸಿಕೊಳ್ಳಬೇಕಿತ್ತು. ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ. ತುಂಬಾ ನೋವಿನ ಸೂಜಿ. ಕೈ ನೋಯುವ ದಿನ ಕೂಲಿಗೆ ಹೋಗೋದು ಹೇಗೆ? ಎರಡು ಡೋಸ್ ಆದವರಿಗೂ ರಕ್ಷಣೆ ಸುಮಾರು ಶೇ 62 ಮಾತ್ರ ಅಂತ 2005ರಿಂದ 2010ರವರೆಗಿನ ಲೆಕ್ಕ ಹೇಳಿತ್ತು. ಕೊನೆಗೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಅಷ್ಟು ವರ್ಷ "ಜನಕ್ಕೆ ತಿಳಿವಳಿಕೆ ಇಲ್ಲ" ಅಂತ ಬೈಸಿಕೊಂಡವರು ಇದೇ ಹೆಂಗಸರು. ಅವರಿಗೆ ಉಣುಗಿನ ಬಗ್ಗೆ ಗೊತ್ತಿರುವಷ್ಟು ಆ ಮೈಕು ಹಿಡಿದವರಿಗೆ ಗೊತ್ತಿಲ್ಲ. ಯಾವ ಮರದಡಿ ಮಂಗ ಸತ್ತಿದೆ ಅಂತ ಮೊದಲು ಬಂದು ಹೇಳುವವರೂ ಅವರೇ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಸುತ್ತ ಹರಡುತ್ತದೆ, ಹಾಗಾಗಿ ಆ ಸುದ್ದಿ ಅದೇ ದಿನ ಮುಟ್ಟಿದರೆ ಜೀವ ಉಳಿಯುತ್ತದೆ.

ಹಾಗಾಗಿ ಹೋಗಬೇಡಿ ಅನ್ನುವುದನ್ನು ಬಿಟ್ಟು, ಹೋಗುವವರ ಜೊತೆ ನಿಲ್ಲಿ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ದರಗಿನ ಕೆಲಸ ಶುರುವಾಗುವ ಮೊದಲೇ ಅವರ ಕೈಗೆ ಸಿಗಲಿ, ಮಾರ್ಚ್‌ನಲ್ಲಿ ಬಂದರೆ ಏನು ಪ್ರಯೋಜನ? ತೋಳು, ಕಾಲು ಪೂರ್ತಿ ಮುಚ್ಚುವ ಬಟ್ಟೆಯನ್ನು ಕೆಲಸ ಕೊಡುವವರು ಕೊಡಲಿ. ವಾಪಸ್ ಬಂದ ತಕ್ಷಣ ಬಿಸಿನೀರು, ಸೋಪು ಸಿಗಲಿ. ಜ್ವರದ ದಿನಗಳಿಗೆ ಕೂಲಿ ಸಿಗಲಿ. ಈ ಕೊನೆಯ ಮಾತಿಗೆ ನನ್ನ ಕೆಲವು ತೋಟದ ಸ್ನೇಹಿತರು ಮುನಿಸಿಕೊಳ್ಳಬಹುದು, ಮುನಿಸಿಕೊಳ್ಳಿ.

ಮಲೆನಾಡಿನವರಲ್ಲಿ ಒಂದು ಕೋರಿಕೆ. ನಿಮ್ಮ ಮನೆಗೆ ದರಗು ತರುವವರಿಗೆ ಈ ಸಲದ ಎಣ್ಣೆ ಬಾಟಲಿ ಸಿಕ್ಕಿದೆಯಾ ಅಂತ ಈ ವಾರವೇ ಕೇಳಿ. ಸಿಕ್ಕಿಲ್ಲ ಅಂದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಸಿಗುವವರೆಗೂ ಬಿಡಬೇಡಿ.