ಖಾಲಿ ಹೊಟ್ಟೆಯವರ ಸಾಲು

ಹಾಸನದಲ್ಲಿ ಆರೋಗ್ಯವಂತನಾಗಿರುವುದು ಈಗ ಮೊದಲಿನಷ್ಟು ಸುಲಭವಲ್ಲ. ಬೆಳಗಿನ ಚಳಿಯಲ್ಲಿ ಎದ್ದು, ಮಂಕಿ ಕ್ಯಾಪ್ ಏರಿಸಿ, ಲ್ಯಾಬಿನ ಮುಂದೆ ಟೋಕನ್ ಹಿಡಿದು ನಿಲ್ಲಬೇಕು. ಕಾಫಿ ಕುಡಿಯುವಂತಿಲ್ಲ. ಕಾಫಿ ಸೀಮೆಯ ಬಾಗಿಲಲ್ಲಿರುವ ಊರಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ಕೊಟ್ಟಿರಲಾರದು. ಕಾಯಿಲೆಯವನಾದರೆ ಯಾರಾದರೂ ಕುರ್ಚಿ ಬಿಟ್ಟುಕೊಡುತ್ತಾರೆ. ಏನೂ ಇಲ್ಲದವನು ನಿಂತೇ ಇರಬೇಕು. ರಕ್ತ ಕೊಟ್ಟ ಮೇಲೆ ಲ್ಯಾಬಿನವರದೇ ಉಚಿತ ತಿಂಡಿ: ಎರಡು ಇಡ್ಲಿ, ಒಂದು ವಡೆ, ಪಕ್ಕದಲ್ಲಿ ತುಪ್ಪ ಜಿನುಗುವ ಕೇಸರಿಬಾತ್. ಎರಡು ಗಂಟೆ ಕಳೆದ ಮೇಲೆ ಮತ್ತೆ ಶುಗರ್ ನೋಡುತ್ತಾರೆ. ಕೇಸರಿಬಾತ್ ಬಡಿಸಿ ಸಕ್ಕರೆ ಹುಡುಕುವ ಈ ಜಾಣ್ಮೆಗೆ ಕೈ ಮುಗಿಯಬೇಕು.

ಸಾಲು ಬೆಳೆದದ್ದಕ್ಕೆ ಕಾರಣವಿದೆ, ಅದರಲ್ಲಿ ನಗುವಂಥದ್ದೇನೂ ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಾಡಿನ ಎದೆ ಒಮ್ಮೆ ಧಸಕ್ಕೆಂದಿತ್ತು. 2025ರ ಜೂನ್ ಮತ್ತು ಜುಲೈನಲ್ಲಿ ನಮ್ಮ ಜಿಲ್ಲೆಯ ಸರದಿ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಬಂತು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿಯವರು ಪ್ರತಿ ಸಾವಿಗೂ ಕ್ರಮಸಂಖ್ಯೆ ಕೊಟ್ಟು, ಮುಂದಿನ ಸಂಖ್ಯೆಗೆ ಕ್ಯಾಮೆರಾ ಸಿದ್ಧಮಾಡಿಕೊಂಡು ಕುಳಿತರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿಗೇ ಜನ ಮುಗಿಬಿದ್ದರು. ಗಾಬರಿ ಬೇಡವೆಂದು ವೈದ್ಯರು ಹೇಳಿದಷ್ಟೂ ಸಾಲು ಉದ್ದವಾಯಿತು. ಗಾಬರಿ ಬೇಡ ಎನ್ನುವುದಕ್ಕಿಂತ ಗಾಬರಿ ಹುಟ್ಟಿಸುವ ಮಾತು ಇನ್ನೊಂದಿದೆಯೇ?

ಆಮೇಲೆ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ವರದಿ ಕೊಟ್ಟಿತು. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಹೆಚ್ಚಿಲ್ಲ, ಕಾರಣಗಳೆಲ್ಲ ಹಳೆಯ ಪರಿಚಿತರೇ: ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಹೊಗೆಸೊಪ್ಪು, ಕುಡಿತ. ಇಷ್ಟು ಸಪ್ಪೆ ವರದಿಯನ್ನು ಯಾರು ಓದುತ್ತಾರೆ? ಬೀಡಿ ಬಿಡಿ ಎನ್ನುವುದಕ್ಕೆ ಸಮಿತಿ ಬೇಕಿತ್ತೇ ಎಂದು, ಬೀಡಿ ಹಚ್ಚಿಕೊಂಡೇ ಕೇಳಿದವರನ್ನು ನಾನು ಬಲ್ಲೆ.

ಜನರಿಗೆ ಬೇಕಾಗಿದ್ದದ್ದು ಪ್ಯಾಕೇಜು. ಪ್ಯಾಕೇಜು ಬಂತು, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್ ಎಂಬ ಚಿನಿವಾರ ಪೇಟೆಯ ಹೆಸರುಗಳಲ್ಲಿ. ಯುಗಾದಿಗೆ ರಿಯಾಯಿತಿ, ವರಮಹಾಲಕ್ಷ್ಮಿಗೆ ದಂಪತಿ ಕೊಡುಗೆ, ಅಪ್ಪಂದಿರ ದಿನಕ್ಕೆ ಅಪ್ಪನ ಪ್ರಾಸ್ಟೇಟ್ ಅರ್ಧ ಬೆಲೆಗೆ. ಹಾಸನಾಂಬೆಯ ದರ್ಶನಕ್ಕೆ 300 ಮತ್ತು 1000 ರೂಪಾಯಿಯ ಟಿಕೆಟ್ ಇರುವಂತೆ ಇಲ್ಲಿಯೂ ದುಡ್ಡು ಕೊಟ್ಟಷ್ಟೂ ಒಳಗಿನದು ಹತ್ತಿರದಿಂದ ಕಾಣುತ್ತದೆ. ವ್ಯತ್ಯಾಸವೆಂದರೆ ಅಮ್ಮನವರ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ, ಲ್ಯಾಬಿನದು ದಿನವೂ.

ಒಂದು ಫಲಕ ನನಗೆ ಬಹಳ ಹಿಡಿಸಿತು: ಸಾವಿರಕ್ಕೆ ಒಂದು ರೂಪಾಯಿ ಕಡಿಮೆ, 72 ಪರೀಕ್ಷೆ. ಒಂದು ದೇಹದಲ್ಲಿ ಅಷ್ಟೊಂದು ಏನಿದೆ ಎಂಬ ಕುತೂಹಲದಿಂದ ಪಟ್ಟಿಯನ್ನು ಬಿಡಿಸಿ ನೋಡಿದೆ. ಒಂದೇ ಸೀಸೆ ರಕ್ತವನ್ನು ಯಂತ್ರಕ್ಕೆ ಇಟ್ಟರೆ ರಕ್ತಕಣಗಳ ಎಣಿಕೆಯೆಂದು ಇಪ್ಪತ್ತಕ್ಕೂ ಹೆಚ್ಚು ಅಂಕಿಗಳು ಉದುರುತ್ತವೆ. ಒಂದೊಂದೂ ಒಂದೊಂದು ಪರೀಕ್ಷೆ. ವಿಎಲ್‌ಡಿಎಲ್ ಎಂಬ ಗಂಭೀರ ಹೆಸರಿನದು ಸಾಮಾನ್ಯವಾಗಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬಿನ ಅಂಕಿಯನ್ನು ಐದರಿಂದ ಭಾಗಿಸಿದ್ದು, ಅಷ್ಟೇ. ಗ್ಲಾಬ್ಯುಲಿನ್ ಎಂದರೆ ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದದ್ದು. ಅವೆರಡರ ಅನುಪಾತ ಇನ್ನೊಂದು ಪರೀಕ್ಷೆ. ಬಿಲಿರುಬಿನ್ ಒಟ್ಟು, ನೇರ, ಪರೋಕ್ಷ ಎಂದು ಮೂರು. ಮೂರನೆಯದು ಮತ್ತೆ ಕಳೆಯುವ ಲೆಕ್ಕ. ಮೂತ್ರದ ಬಣ್ಣ, ತಿಳಿ ಹಳದಿ: ಇದೂ ಒಂದು ಪರೀಕ್ಷೆ, ನಾವು ದಿನಾ ಬೆಳಿಗ್ಗೆ ಪುಕ್ಕಟೆಯಾಗಿ ಮಾಡಿಕೊಳ್ಳುತ್ತಿರುವುದು. ಐದನೆಯ ತರಗತಿಯ ಹುಡುಗನೊಬ್ಬನನ್ನು ಸ್ಲೇಟು ಬಳಪ ಕೊಟ್ಟು ಕೂರಿಸಿದರೆ 72ನ್ನು ನೂರಕ್ಕೆ ಏರಿಸಿಕೊಡುತ್ತಾನೆ.

ಇನ್ನು ವರದಿ. ಮಿತಿ ಮೀರಿದ ಅಂಕಿ ದಪ್ಪ ಅಕ್ಷರದಲ್ಲಿರುತ್ತದೆ. ಈ ಮಿತಿ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಬಹುತೇಕ ಪರೀಕ್ಷೆಗಳಲ್ಲಿ ಆರೋಗ್ಯವಂತರನ್ನೇ ಅಳೆದು, ನಡುವಿನ ಶೇ 95ರಷ್ಟು ಮಂದಿಯ ಅಂಕಿಯನ್ನು ಸಹಜವೆಂದು ಕರೆದಿದ್ದಾರೆ. ಎಂದರೆ ಗಟ್ಟಿಮುಟ್ಟಾಗಿರುವ ನೂರು ಜನರಲ್ಲಿ ಐವರು ಕಟ್ಟುಪಾಡಿನ ಪ್ರಕಾರವೇ ಅಸಹಜರು. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿ. ಏನೂ ಆಗದವನಿಗೂ ಒಂದಾದರೂ ದಪ್ಪ ಅಕ್ಷರ ಸಿಗುವ ಸಂಭವ ಶೇ 64. ಎಪ್ಪತ್ತೆರಡು ಮಾಡಿಸಿಯೂ ಬರಿಗೈಯಲ್ಲಿ ಬಂದವನು ಗ್ರಾಹಕರ ವೇದಿಕೆಗೆ ದೂರು ಕೊಡಬಹುದು.

ಮಹಾರಾಜ ಪಾರ್ಕಿನ ವಾಕಿಂಗ್ ಬಳಗದಲ್ಲಿ ಈಗ ಮೊಮ್ಮಕ್ಕಳ ಅಂಕಪಟ್ಟಿಯ ಬದಲು ಸ್ವಂತ ಅಂಕಪಟ್ಟಿಗಳು ಓಡಾಡುತ್ತವೆ.

"ನನ್ನದು ಫ್ಯಾಟಿ ಲಿವರ್, ಗ್ರೇಡ್ ಒನ್" ಎಂದರು ನಿವೃತ್ತ ಮೇಷ್ಟ್ರು, ಮೊದಲ ದರ್ಜೆಯಲ್ಲಿ ಪಾಸಾದ ಧಾಟಿಯಲ್ಲಿ.

"ನನಗೆ ವಿಟಮಿನ್ ಡಿ ಹನ್ನೊಂದೇ ಮೇಷ್ಟ್ರೇ" ಎಂದರು ಬಿಸಿಲಲ್ಲಿ ನಿಂತಿದ್ದ ಗುತ್ತಿಗೆದಾರರು.

ಏನೂ ಬಾರದ ಮೂರನೆಯವರು ಗಂಟಲು ಸವರಿಕೊಂಡು, ಮುಂದಿನ ವಾರ ಥೈರಾಯ್ಡ್ ಸ್ಕ್ಯಾನಿಂಗ್ ಮಾಡಿಸುತ್ತೇನೆ ಎಂದರು. ಮಾಡಿಸಬಹುದು, ಏನಾದರೂ ಸಿಕ್ಕೇ ಸಿಗುತ್ತದೆ. ದಕ್ಷಿಣ ಕೊರಿಯಾದವರು ಹೀಗೆಯೇ ಹುಡುಕಿದರು. 1993ಕ್ಕೆ ಹೋಲಿಸಿದರೆ 2011ರಲ್ಲಿ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದ ಪ್ರಮಾಣ 15 ಪಟ್ಟು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸಾವಿರಾರು ಮಂದಿ ಗ್ರಂಥಿ ತೆಗೆಸಿಕೊಂಡು, ಜೀವನಪೂರ್ತಿ ಮಾತ್ರೆ ನುಂಗುತ್ತ, ತಮ್ಮನ್ನು ಎಂದೂ ಕೊಲ್ಲದಿದ್ದ ಗಂಟಿನಿಂದ ಪಾರಾದೆವೆಂದು ನಂಬಿದ್ದಾರೆ.

ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇಂಥ ಸಾರ್ವತ್ರಿಕ ತಪಾಸಣೆಗಳ 17 ಪ್ರಯೋಗಗಳನ್ನು, ಎರಡೂವರೆ ಲಕ್ಷ ಜನರ ಲೆಕ್ಕವನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿತು. ತಪಾಸಣೆಗೆ ಕರೆಸಿಕೊಂಡವರೂ ಕರೆಸಿಕೊಳ್ಳದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸತ್ತಿದ್ದರು. ಇದನ್ನು ನಮ್ಮ ಲ್ಯಾಬಿನ ಫಲಕದ ಮೂಲೆಯಲ್ಲಿ ಸಣ್ಣಕ್ಷರದಲ್ಲಾದರೂ ಬರೆಸಬಹುದು, ಸಿಗರೇಟಿನ ಪೊಟ್ಟಣದ ಮೇಲೆ ಬರೆಸುವುದಿಲ್ಲವೇ?

ಹಾಗಾದರೆ ಏನನ್ನೂ ನೋಡಿಸಬಾರದೇ? ನೋಡಿಸಬೇಕಾದವು ಕೈಬೆರಳೆಣಿಕೆಯಷ್ಟಿವೆ: ಬಿಪಿ, ಶುಗರ್, ವಯಸ್ಸಿಗೆ ತಕ್ಕಂತೆ ಕೊಲೆಸ್ಟ್ರಾಲ್, ಹೆಂಗಸರಿಗೆ ಗರ್ಭಕಂಠದ ಪರೀಕ್ಷೆ, ಎಲೆಯಡಿಕೆ ಹೊಗೆಸೊಪ್ಪು ಜಗಿಯುವವರ ಬಾಯಿ. ಬಿಪಿ ಸದ್ದಿಲ್ಲದೆ ಏರುತ್ತದೆ, ಅಳೆಯದೆ ತಿಳಿಯುವುದಿಲ್ಲ, ಇಳಿಸುವ ಮಾತ್ರೆ ಅಗ್ಗ. ಮೂವತ್ತು ದಾಟಿದವರಿಗೆ ಇವುಗಳಲ್ಲಿ ಹೆಚ್ಚಿನವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ನೋಡುತ್ತಾರೆ. ಆಶಾ ಕಾರ್ಯಕರ್ತೆ ಫಾರಂ ಹಿಡಿದು ಮನೆಗೇ ಬರುತ್ತಾಳೆ. ಪುಕ್ಕಟೆ ಎನ್ನುವುದೇ ಅದರ ಕರ್ಮ. ನಮ್ಮ ಬೀದಿಯಲ್ಲಿ ಆಕೆಗೆ ಸಿಗುವ ಉತ್ತರ ಒಂದೇ: "ನಮಗೇನಾಗಿದೆಯಮ್ಮ, ಕಲ್ಲುಗುಂಡಿನ ಹಾಗೆ ಇದ್ದೇವೆ. ಮುಂದಿನ ಮನೆಗೆ ಹೋಗು." ಹೇಳಿದವರು ಗೇಟು ಹಾಕಿಕೊಂಡು, ಪ್ಲಾಟಿನಂ ಪ್ಯಾಕೇಜಿಗೆ ಹೆಸರು ಬರೆಸಲು ಲ್ಯಾಬಿಗೆ ಫೋನು ಮಾಡುತ್ತಾರೆ.

ಆ ಪ್ಲಾಟಿನಂ ಮಾಡಿಸಿದ ನಮ್ಮ ಗುತ್ತಿಗೆದಾರರಿಗೆ ಮೂರನೆಯ ವಾರದಲ್ಲಿ ಎದೆ ಹಿಂಡಿದಂತಾಗಿ, ಎಡತೋಳು ಸೆಳೆದು, ಮೈಯೆಲ್ಲ ಬೆವತಿತು.

"ಗ್ಯಾಸ್ಟ್ರಿಕ್ ಕಣೇ" ಎಂದರು ಹೆಂಡತಿಗೆ. "ಮೊನ್ನೆ ತಾನೇ ಇಸಿಜಿ, ಎಕೋ ಎಲ್ಲ ಮಾಡಿಸಿದ್ದೇನೆ. ಫೈಲು ಬೀರುವಿನಲ್ಲಿದೆ, ಬೇಕಾದರೆ ನೋಡು."

ಜೀರಿಗೆ ಸೋಡಾ ತರಿಸಿ ಕುಡಿದು ಮಲಗಿದರು. ರಕ್ತನಾಳದ ಗೋಡೆಯಲ್ಲಿ ಕುಳಿತ ಕೊಬ್ಬಿನ ಗಂಟು ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ, ಮೊನ್ನೆಯ ಇಸಿಜಿಯಲ್ಲಿ ಏನಿತ್ತೆಂದು ನೋಡಿಕೊಳ್ಳುವ ಅಭ್ಯಾಸವಿಲ್ಲ. ಪುಣ್ಯಕ್ಕೆ ಅವರ ಹೆಂಡತಿ ಫೈಲನ್ನು ನಂಬುವವರಲ್ಲ. ಪಕ್ಕದ ಮನೆಯ ಹುಡುಗನನ್ನು ಕೂಗಿ, ಗಂಡನನ್ನು ಎಬ್ಬಿಸಿ ಆಟೊ ಹತ್ತಿಸಿದರು. ಸಕಾಲಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ಬಿತ್ತು, ಮರುದಿನ ಸ್ಟೆಂಟ್ ಕೂಡ.

ನೋಡಲು ಹೋದಾಗ ದಿಂಬಿಗೆ ಒರಗಿ ಕುಳಿತಿದ್ದರು. ಮುಖ ಬಿಳಿಚಿತ್ತು, ಆದರೆ ಕಣ್ಣಿನಲ್ಲಿ ಏನೋ ಹೊಸ ತಿಳಿವಳಿಕೆಯ ಹೊಳಪು. ಹತ್ತಿರ ಕರೆದು, ನರ್ಸಿಗೆ ಕೇಳಿಸದ ಹಾಗೆ ಹೇಳಿದರು: "ನಾನು ಚೌಕಾಸಿ ಮಾಡಬಾರದಿತ್ತು ಸ್ವಾಮಿ. ಡೈಮಂಡಿನಲ್ಲಾಗಿದ್ದರೆ ಖಂಡಿತ ಗೊತ್ತಾಗುತ್ತಿತ್ತು."