ಹೊರಟೆ ಎನ್ನುವ ಹಾಡಿಗೆ ಮದುಮಗಳು ಬಂದಳು

ಶಿವಮೊಗ್ಗದಲ್ಲಿ ನೆಂಟರ ಮಗಳ ಮದುವೆ. ಬೆಳಿಗ್ಗೆ ಧಾರೆ ಆಗಿತ್ತು, ಸಂಜೆ ಆರತಕ್ಷತೆ. ಏಳೂವರೆಗೆ ಮಂಟಪದ ದೀಪಗಳೆಲ್ಲ ಆರಿದವು. ಮಲೆನಾಡಿನವರಿಗೆ ಇದೇನು ಹೊಸದಲ್ಲ. ಎಲ್ಲರೂ ಸುಮ್ನೆ ಮೊಬೈಲ್ ಟಾರ್ಚ್ ಹಾಕಿಕೊಂಡು ಮಾತು ಮುಂದುವರಿಸಿದೆವು. ಕಪ್ಪು ಟೀ ಶರ್ಟಿನ ಹುಡುಗನೊಬ್ಬ ಓಡಿ ಬಂದ. ‘ಆಫ್ ಮಾಡಿ ಸಾರ್, ಬ್ರೈಡ್ ಎಂಟ್ರಿ!’

ಬಾಗಿಲಲ್ಲಿ ಹೊಗೆ ಎದ್ದಿತು. ನನ್ನ ಪಕ್ಕ ಕೂತಿದ್ದ ಅಜ್ಜಿ ‘ಒಲೆ ಕಡೆ ಯಾರಾದ್ರೂ ನೋಡ್ರೋ’ ಎಂದರು. ಹೊಗೆಯೊಳಗಿಂದ ಮದುಮಗಳು ನಿಧಾನವಾಗಿ ಬಂದಳು. ಸ್ಪೀಕರಿನಲ್ಲಿ ಒಂದು ಹೆಂಗಸಿನ ದನಿ. ತಬಲ ಇಲ್ಲ, ಕೀಬೋರ್ಡ್ ಇಲ್ಲ, ಬರೀ ದನಿ. ವಿಟ್ನಿ ಹೂಸ್ಟನ್ ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’.

‘ಎಂತದಂತೆ ಅವಳದ್ದು?’ ಅಜ್ಜಿ ಕೇಳಿದರು.

‘ಹೊರಡ್ತೀನಿ ಅಂತಿದಾಳೆ ಅಜ್ಜಿ. ನಾನು ಇಲ್ಲೇ ಇದ್ರೆ ನಿಮಗೆ ಅಡ್ಡಿ, ಅದಕ್ಕೇ ಹೊರಟೆ ಅಂತ.’

‘ಈಗ ಬಂದಿದ್ದಲ್ವನಾ? ಊಟನಾದ್ರೂ ಮಾಡ್ಕಂಡು ಹೋಗ್ಲಿ ಮಾರಾಯ.’

ಅಜ್ಜಿ ತಮಾಷೆಗೆ ಹೇಳಿದ್ದಲ್ಲ. ಅವರ ಕಾಲದಲ್ಲಿ ಮದುವೆಯ ಒಂದೊಂದು ಕೆಲಸಕ್ಕೂ ಒಂದೊಂದು ಹಾಡು ಇತ್ತು. ಹಸೆಗೆ ಕರೆಯುವುದಕ್ಕೆ ಒಂದು, ಎಣ್ಣೆ ಹಚ್ಚುವುದಕ್ಕೆ ಒಂದು, ಬೀಗರನ್ನು ಆಡಿಕೊಳ್ಳುವುದಕ್ಕೆ ಹತ್ತಾರು. ಹೆಣ್ಣೊಪ್ಪಿಸುವ ಹಾಡನ್ನು ಯಾರಾದರೂ ಹಸೆಗೆ ಕರೆಯುವಾಗ ಶುರು ಮಾಡಿದ್ದರೆ ಅವರನ್ನು ಕೈಹಿಡಿದು ಅಡುಗೆಮನೆಗೆ ಕಳಿಸುತ್ತಿದ್ದರು. ಈಗ ಅಂಥವರನ್ನು ಈವೆಂಟ್ ಮ್ಯಾನೇಜರ್ ಎಂದು ಕರೆದು ಮುಂಗಡ ಕೊಡುತ್ತೇವೆ. ಎಂಟ್ರಿ ಪ್ಯಾಕೇಜ್ ಎಂಟು ಸಾವಿರ. ಹೊಗೆಗೆ ಬೇರೆ.

ಈ ಹಾಡು ಹುಟ್ಟಿದ್ದು ಮದುವೆಮನೆಯಲ್ಲಲ್ಲ. ಅಮೆರಿಕದ ಹಾಡುಗಾರ್ತಿ ಡಾಲಿ ಪಾರ್ಟನ್ 1967ರಲ್ಲಿ ಪೋರ್ಟರ್ ವ್ಯಾಗನರ್ ಎಂಬ ಹಾಡುಗಾರನ ಟಿವಿ ಕಾರ್ಯಕ್ರಮಕ್ಕೆ ಸೇರಿದಳು. ಹೆಸರು ಬಂತು. ತನ್ನ ಕಾಲ ಮೇಲೆ ನಿಲ್ಲುವ ಆಸೆಯೂ ಬಂತು. ಧಣಿ ಬಿಡಲೊಲ್ಲ. ಬಾಯಿಮಾತಲ್ಲಿ ಹೇಳಿ ಸಾಕಾಗಿ 1973ರಲ್ಲಿ ಹಾಡು ಬರೆದು ಅವನೆದುರು ಕೂತು ಹಾಡಿದಳು. ಅವನು ಅತ್ತು, ಹೋಗು ಎಂದ. ಅವಳೇ ಹೇಳಿಕೊಂಡ ಕಥೆ ಇದು. ಅಂದರೆ ಇದು ರಾಜೀನಾಮೆ ಪತ್ರ. ನಮ್ಮ ಆಫೀಸುಗಳಲ್ಲಿ ‘ವೈಯಕ್ತಿಕ ಕಾರಣಗಳಿಂದ’ ಎಂದು ಎರಡು ಸಾಲು ಬರೆದು ಸಹಿ ಹಾಕುತ್ತೇವಲ್ಲ, ಅದೇ, ರಾಗ ಹಾಕಿದ್ದು. ಕೆಲಸಕ್ಕೆ ಸೇರುವ ದಿನವೇ ರಾಜೀನಾಮೆ ಪತ್ರವನ್ನು ಮೈಕಿನಲ್ಲಿ ಓದಿಸಿ, ಮೇಲಿಂದ ಹೂವು ಸುರಿಸಿದ್ದನ್ನು ನಾನು ಮೊದಲು ನೋಡಿದ್ದು ಈ ಮದುವೆಯಲ್ಲೇ.

ಹಾಡು 1974ರ ಮಾರ್ಚಿನಲ್ಲಿ ಹೊರಬಂತು. ಆಗಿನ ದೊಡ್ಡ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಗೆ ಹಿಡಿಸಿತು, ತಾನೂ ಹಾಡಬೇಕು ಎಂದ. ಡಾಲಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆಮೇಲೆ ಅವನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಫೋನ್ ಮಾಡಿದ. ಎಲ್ವಿಸ್ ಹಾಡಬೇಕಾದರೆ ಹಾಡಿನ ಹಕ್ಕಿನಲ್ಲಿ ಅರ್ಧ ಬರೆದುಕೊಡಬೇಕು ಎಂದ.

ಇದನ್ನು ಅಜ್ಜಿಗೆ ಹೇಳಿದೆ. ಅಲ್ಲಿಯವರೆಗೆ ಅರ್ಧ ಕಿವಿಯಲ್ಲಿ ಕೇಳುತ್ತಿದ್ದವರು ನೆಟ್ಟಗೆ ಕೂತರು. ‘ಅರ್ಧ ಗೇಣಿ ಕೇಳಿದ್ನಾ? ಕೊಳಗ ಯಾರದ್ದಂತೆ?’

ಅಜ್ಜಿಯ ತವರು ಸಾಗರದ ಕಾಗೋಡಿನ ಹತ್ತಿರ. 1951ರಲ್ಲಿ ಅಲ್ಲಿ ಗೇಣಿದಾರರು ತಿರುಗಿ ನಿಂತಾಗ ಅವರಿನ್ನೂ ಲಂಗದ ಹುಡುಗಿ. ಗೇಣಿ ಅಳೆಯುವ ಧಣಿಗಳ ಕೊಳಗ ದೊಡ್ಡದು ಎಂಬಲ್ಲಿಂದಲೇ ಅಲ್ಲಿ ಜಗಳ ಶುರುವಾಗಿದ್ದು. ಬೆಳೆದವರು ಒಬ್ಬರು, ಕಣದಲ್ಲಿ ಕೊಳಗ ಹಿಡಿದು ನಿಲ್ಲುವವರು ಇನ್ನೊಬ್ಬರು. ಅಜ್ಜಿಗೆ ಕರ್ನಲ್ ಪಾರ್ಕರ್ ಯಾರೆಂದು ನಾನು ವಿವರಿಸಬೇಕಾಗಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಬಲ ಕೊಟ್ಟ ಭೂ ಸುಧಾರಣೆ ತಿದ್ದುಪಡಿ ನಮ್ಮಲ್ಲಿ ಜಾರಿಯಾಗಿದ್ದೂ ಅದೇ 1974ರ ಮಾರ್ಚಿನಲ್ಲಿ, 1ನೇ ತಾರೀಖು. ಅಲ್ಲಿ ಡಾಲಿಗೆ ಅಂಥ ಕಾನೂನಿನ ಬಲವಿರಲಿಲ್ಲ. ರಾತ್ರಿಯೆಲ್ಲ ಅತ್ತು, ಬೆಳಿಗ್ಗೆ ಕೊಡುವುದಿಲ್ಲ ಎಂದಳು. ಎಲ್ವಿಸ್ ರೆಕಾರ್ಡ್ ಮಾಡಲೇ ಇಲ್ಲ.

1975ರಲ್ಲಿ ಲಿಂಡಾ ರಾನ್‌ಸ್ಟಾಡ್ ಎಂಬ ಗಾಯಕಿ ಇದನ್ನು ಹಾಡಿದಳು. 1982ರಲ್ಲಿ ಒಂದು ಸಿನಿಮಾಕ್ಕೆ ಡಾಲಿ ತಾನೇ ಮತ್ತೆ ಹಾಡಿದಳು. 1992ರಲ್ಲಿ ವಿಟ್ನಿ ನಾಯಕಿಯಾಗಿ ಹಾಡಿದ ‘ದಿ ಬಾಡಿಗಾರ್ಡ್’ ಸಿನಿಮಾ ಬಂತು. ಅದಕ್ಕೆಂದು ಗೊತ್ತು ಮಾಡಿಕೊಂಡಿದ್ದ ಹಾಡನ್ನು ಇನ್ನೊಂದು ಸಿನಿಮಾದವರು ಮೊದಲೇ ಬಳಸಿಬಿಟ್ಟಿದ್ದರು. ನಾಯಕ ನಟ ಕೆವಿನ್ ಕಾಸ್ಟ್ನರ್ ಇದನ್ನು ಹಾಕಿ ಎಂದ. ಶುರುವಿನಲ್ಲಿ ವಾದ್ಯ ಬೇಡ ಎಂದು ಹಟ ಹಿಡಿದವನೂ ಅವನೇ. ಗಮನಿಸಿ, ಆ ಸಿನಿಮಾದಲ್ಲೂ ಹಾಡು ಬರುವುದು ಇಬ್ಬರೂ ಬೇರೆಯಾಗುವಾಗ. ವಿಟ್ನಿಯ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ ಬಿಡಲಿಲ್ಲ. ಪಾಲು ಕೊಡದೆ ಉಳಿಸಿಕೊಂಡ ಹಕ್ಕು ಡಾಲಿಗೆ ದುಡ್ಡಿನ ಮಳೆ ಸುರಿಸಿತು. ಆಗುಂಬೆಯ ಜುಲೈ ಮಳೆ.

ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಗೆ ದರ್ಜೆ ಕಟ್ಟುವ ಹಾಗೆ ಇವುಗಳಿಗೂ ಕಟ್ಟಬಹುದು. ಡಾಲಿಯದ್ದು ಸರಕು, ಎಲ್ಲಕ್ಕಿಂತ ಮೇಲಿನ ದರ್ಜೆ. ಲಿಂಡಾಳದ್ದು ಬೆಟ್ಟೆ. ವಿಟ್ನಿಯದ್ದು ರಾಶಿ, ಯಾಕೆಂದರೆ ಇವತ್ತಿನ ರೇಟು ಎಷ್ಟು ಅಂದರೆ ಎಲ್ಲರೂ ಕೇಳುವುದು ರಾಶಿಯದ್ದೇ. ಆವತ್ತು ಊಟದ ಹೊತ್ತಿಗೆ ಮಂಟಪದ ಆರ್ಕೆಸ್ಟ್ರಾದವರೂ ಇದನ್ನೇ ಒಂದು ಕೈ ನೋಡಿದರು. ಗೊರಬಲು, ಕೆಳಗಿನ ದರ್ಜೆ. ವಿಟ್ನಿ ಒಂದು ಕ್ಷಣ ತಡೆದು, ಡ್ರಮ್ಮಿನ ಪೆಟ್ಟು ಬಿದ್ದ ಮೇಲೆ ದನಿ ಏರಿಸುವುದಿದೆಯಲ್ಲ, ಅದು ಲಿಂಗನಮಕ್ಕಿಯ ಗೇಟು ತೆಗೆದ ದಿನದ ಜೋಗ. ನಮ್ಮ ಗಾಯಕಿಯದ್ದು ಏಪ್ರಿಲ್ ತಿಂಗಳ ಜೋಗ. ಬಂಡೆ ಕಾಣುತ್ತಿತ್ತು. ಪಾಪ, ಆಕೆಯ ತಪ್ಪಲ್ಲ. ಆ ಜಾಗ ದಾಟಲು ಹೋಗಿ ದೊಡ್ಡ ದೊಡ್ಡವರೇ ಜಾರಿದ್ದಾರೆ.

ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಈ ಹಾಡಿನಲ್ಲಿ ಮದುವೆಮನೆಗೆ ಒಗ್ಗುವ ಒಂದೇ ಒಂದು ಚರಣವಿದೆ. ನಿಮ್ಮ ಬಾಳು ಚೆನ್ನಾಗಿರಲಿ, ಅಂದುಕೊಂಡಿದ್ದೆಲ್ಲ ಸಿಗಲಿ ಎಂದು ಹರಸುವ ಚರಣ. ಲಿಂಡಾಳ ಹಾಡಿನಲ್ಲಿ ಅದು ಇರಲಿಲ್ಲ. ವಿಟ್ನಿಯವರು ಲಿಂಡಾಳ ಹಾಡನ್ನೇ ಮುಂದಿಟ್ಟುಕೊಂಡು ರೆಕಾರ್ಡ್ ಮಾಡಲು ಹೊರಟಿದ್ದರು. ನಿರ್ಮಾಪಕ ಡೇವಿಡ್ ಫಾಸ್ಟರ್ ಫೋನ್ ಮಾಡಿದಾಗ ವಿಷಯ ತಿಳಿದು ಡಾಲಿಯೇ ಬಿಟ್ಟುಹೋದ ಚರಣ ಹೇಳಿಕೊಟ್ಟಳು. ಅಷ್ಟು ಕಷ್ಟಪಟ್ಟು ವಾಪಸ್ ತಂದ ಆಶೀರ್ವಾದ ಅದು. ನಮ್ಮ ಡಿಜೆಗೆ ಬೇಕಾಗಿದ್ದು ಡ್ರಮ್ಮಿನ ಪೆಟ್ಟು ಮಾತ್ರ. ಮದುಮಗಳು ವೇದಿಕೆ ಹತ್ತುವ ಹೊತ್ತಿಗೆ ಪೆಟ್ಟು ಬಿದ್ದು ಹೂವಿನ ಪಟಾಕಿ ಸಿಡಿಯಬೇಕು. ಹಾಗಾಗಿ ನಡುವಿನದ್ದನ್ನು ಕತ್ತರಿಸಿದ್ದ. ‘ಹೊರಟೆ’ ಉಳಿಯಿತು. ‘ಚೆನ್ನಾಗಿರಿ’ ಹೋಯಿತು.

ಡಿಜೆಯೊಬ್ಬನನ್ನೇ ಯಾಕೆ ಬೈಯಬೇಕು? 2002ರ ಅಕ್ಟೋಬರಿನಲ್ಲಿ ಇರಾಕಿನಲ್ಲಿ ಜನಮತ ನಡೆಯಿತು. ಅಭ್ಯರ್ಥಿ ಒಬ್ಬನೇ, ಸದ್ದಾಂ ಹುಸೇನ್. ಪ್ರಚಾರದ ಹಾಡು ಇದೇ. ನಾನು ಹೊರಟೆ ಎನ್ನುವ ಹಾಡನ್ನು 1979ರಿಂದ ಕುರ್ಚಿ ಬಿಡದವನು ಹಾಕಿಸಿಕೊಂಡಿದ್ದ. ಫಲಿತಾಂಶ ನೂರಕ್ಕೆ ನೂರು ಎಂದು ಸರ್ಕಾರವೇ ಸಾರಿತು. ನಾವು ನಗುವಂತಿಲ್ಲ. ಚುನಾವಣೆ ಬಂದಾಗ ಗಾಂಧಿ ಬಜಾರಿನಲ್ಲಿ ನಿಂತು ಕೇಳಿ. ಪ್ರಿಯತಮೆ ಕೈಕೊಟ್ಟ ಸಿನಿಮಾ ಹಾಡಿನ ರಾಗಕ್ಕೆ ಚರಂಡಿ, ರಸ್ತೆ, ಕುಡಿಯುವ ನೀರು ತುಂಬಿಸಿಕೊಂಡು ಆಟೋ ಬರುತ್ತದೆ. ಕೈಕೊಡುವ ವಿಚಾರ ರಾಗದಲ್ಲೇ ಇರುತ್ತದೆ. ನಾವು ಪದ ಮಾತ್ರ ಕೇಳಿ ವೋಟು ಹಾಕುತ್ತೇವೆ.

ಸರಿ, ಮದುವೆಗೆ ಬರೋಣ. ರಾತ್ರಿ ಹತ್ತು ದಾಟಿತ್ತು. ಹೆಣ್ಣು ಕಳಿಸುವ ಹೊತ್ತು. ತಾಯಿ ಅಳುತ್ತಿದ್ದಳು, ಅಪ್ಪ ಮದುಮಗಳ ಕಾರಿನ ಟೈರು ನೋಡುವ ನೆಪದಲ್ಲಿ ಬಗ್ಗಿದ್ದ. ಸ್ಪೀಕರಿನಲ್ಲಿ ಟಪ್ಪಾಂಗುಚ್ಚಿ ಬಡಿಯುತ್ತಿತ್ತು. ನಾನು ಕಪ್ಪು ಟೀ ಶರ್ಟಿನ ಹುಡುಗನ ಹತ್ತಿರ ಹೋದೆ.

‘ತಮ್ಮಾ, ಆಗಲೇ ಹಾಕಿದ್ದೆಯಲ್ಲ ಇಂಗ್ಲಿಷ್ ಹಾಡು, ಅದನ್ನ ಈಗ ಹಾಕು. ಅದು ಹೊರಡುವ ಹಾಡು.’

ಅವನು ನನ್ನನ್ನು ಕನಿಕರದಿಂದ ನೋಡಿದ. ‘ಸಾರ್, ಅದು ಎಂಟ್ರಿ ಸಾಂಗ್. ನಿಮ್ಮದು ಎಂಟ್ರಿ ಪ್ಯಾಕೇಜ್ ಮಾತ್ರ. ಕಳಿಸೋದಕ್ಕೆ ಬುಕ್ಕಿಂಗ್ ಇಲ್ಲ.’

ಹತ್ತೂವರೆಗೆ ಮಂಟಪದವರೇ ಸ್ಪೀಕರಿನ ಪ್ಲಗ್ ಕಿತ್ತರು. ಮೌನ. ಗಂಡಿನ ಕಡೆಯವರ ಹಳೇ ಓಮ್ನಿ ಅಡ್ಡ ನಿಂತಿತ್ತು. ಮದುಮಗಳ ಕಾರಿಗೆ ದಾರಿ ಬಿಡಲು ಅದನ್ನು ಹಿಂದಕ್ಕೆ ತೆಗೆದರು. ರಿವರ್ಸ್ ಗೇರಿಗೆ ಕಟ್ಟಿದ್ದ ಟ್ಯೂನು ಶುರುವಾಯಿತು. ಲಂಬಾಡಾ. 1989ರಲ್ಲಿ ಕವೋಮಾ ತಂಡದವರು ಜಗತ್ತನ್ನೇ ಕುಣಿಸಿದ ಹಾಡು. ಅವರದ್ದಲ್ಲ. ಬೊಲಿವಿಯಾದ ಲಾಸ್ ಕಾರ್ಕಾಸ್ ತಂಡದ 1981ರ ಹಾಡನ್ನು ಕೇಳದೆ ಎತ್ತಿಕೊಂಡು, ಕೇಸಾಗಿ, ದುಡ್ಡು ಕಟ್ಟಿದ್ದು. ಮೂಲ ಹಾಡಿನ ಮೊದಲ ಸಾಲಿನ ಅರ್ಥ, ಅವಳು ಅಳುತ್ತಾ ಹೊರಟುಹೋದಳು ಅಂತ.

ಮದುಮಗಳು ಅಳುತ್ತಾ ಕಾರು ಹತ್ತಿದಳು. ಓಮ್ನಿ ಅಷ್ಟಷ್ಟೇ ಹಿಂದೆ ಸರಿಯಿತು.

ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡು ಕಿವಿಗೊಟ್ಟರು. ‘ಇದು ಚೆನ್ನಾಗಿದೆ ಮಾರಾಯ. ಇದಕ್ಕೆಷ್ಟು ತಗಂಡ್ರಂತೆ?’