ರೆಂಬ್ರಾಂಟನ ಭಿಕ್ಷುಕರು, ನಮ್ಮ 'ಅಯ್ಯೋ ಪಾಪ'

ಈಗಷ್ಟೇ ಒಂದು ರೀಲ್ ನೋಡಿ ತಲೆ ಕೆಟ್ಟಿದೆ. ಹದಿನೇಳನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟನ ಭಿಕ್ಷುಕರ ಎಚಿಂಗ್‌ಗಳು, ಅಂದರೆ ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಅಚ್ಚು ಹಾಕಿದ ಚಿತ್ರಗಳು, ಒಂದಾದ ಮೇಲೊಂದು ಬರುತ್ತವೆ. ಹಿಂದೆ ಕೊಳಲು ಅಳುತ್ತಿರುತ್ತದೆ. ಕೆಳಗೆ 'ಬಡವರ ಕಣ್ಣೀರು ಒರೆಸಿದ ಕಲಾವಿದ' ಅಂತ ಬೇರೆ. ಯಾರ ಕಣ್ಣೀರು ಸ್ವಾಮಿ? ಅದರಲ್ಲಿ ಅಳುವವನು ಯಾರು, ತೋರಿಸಿ ನೋಡೋಣ!

1630ರ ಚಿತ್ರವನ್ನೇ ನೋಡಿ. ಚಿಂದಿ ಉಟ್ಟವನೊಬ್ಬ ದಿಬ್ಬದ ಮೇಲೆ ಕೂತು ಕೈ ಚಾಚಿದ್ದಾನೆ. ಬಾಯಿ ತೆರೆದು ಗದರುವ ಹಾಗಿದ್ದಾನೆ. ಆ ಮುಖ ರೆಂಬ್ರಾಂಟನದೇ! ಆಗ ಅವನಿಗೆ 24ರ ಆಸುಪಾಸು. ಲೈಡನ್ ಊರಿನ ಗಿರಣಿಯವನ ಮಗ, ಬೇಡಿ ತಿನ್ನುವ ಗತಿಯೇನೂ ಇರಲಿಲ್ಲ. ಅದೇ ವರ್ಷ ಕನ್ನಡಿ ಮುಂದೆ ಕೂತು, ಕಿರುಚುವಂತೆ ಬಾಯಿ ತೆರೆದು ತನ್ನ ಮುಖವನ್ನೇ ಕೊರೆದಿದ್ದಾನೆ. ಆ ಬಾಯಿಯನ್ನೇ ತಂದು ಭಿಕ್ಷುಕನಿಗೆ ಕೊಟ್ಟ ಹಾಗಿದೆ. ಇದು ಕರುಣೆಯೋ, ತುಂಟತನವೋ?

ಅಷ್ಟೇ ಅಲ್ಲ, ಭಿಕ್ಷುಕರನ್ನು ಬರೆಯುವುದು ಆಗ ಚಾಲ್ತಿಯಲ್ಲಿತ್ತು. ಲೊರೇನ್‌ನ ಕಲಾವಿದ ಜಾಕ್ ಕಲ್ಲೋ 1622ರ ಸುಮಾರಿಗೇ ಭಿಕ್ಷುಕರ 25 ಚಿತ್ರಗಳ ಸರಣಿ ಮಾಡಿದ್ದ. ನಮ್ಮ ಹುಡುಗ ರೆಂಬ್ರಾಂಟ್ ಅದನ್ನು ಚೆನ್ನಾಗಿಯೇ ನೋಡಿಕೊಂಡಿದ್ದ. ಮೇಲಾಗಿ ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿ ಸಲೀಸಾಗಿ ಓಡುತ್ತದೆ. ಮೇಣ ಕೆರೆದ ಕಡೆ ತಾಮ್ರವನ್ನು ತಿಂದು ಗೆರೆ ಮಾಡುವುದು ಆಸಿಡ್ ಕೆಲಸ. ಅಂಥ ಅಂಕುಡೊಂಕು ಗೆರೆಗೆ ಹರಿದ ಬಟ್ಟೆ ಹೇಳಿ ಮಾಡಿಸಿದ್ದು. ರೇಷ್ಮೆ ಅಂಗಿ ಬರೆಯಲು ಕೂತರೆ ಗೊತ್ತಾಗುತ್ತದೆ ಕಷ್ಟ.

ನಾನೂ ಚಿತ್ರಕಲಾ ಶಾಲೆಯಲ್ಲಿ ಮಣ್ಣು ಹೊತ್ತವನೇ, ನಿಮಗೆ ಗೊತ್ತಲ್ಲ. ಸ್ಕೆಚ್ ಮಾಡಲು ಬಸ್ ಸ್ಟ್ಯಾಂಡಿಗೆ ಹೋದಾಗ ನಾವು ಭಿಕ್ಷುಕರನ್ನೇ ಹುಡುಕುತ್ತಿದ್ದೆವು. ಯಾಕೆ? ಅವರು ಬಸ್ ಬಂತು ಅಂತ ಎದ್ದು ಓಡುವುದಿಲ್ಲ. ಅಷ್ಟೇ. ಕರುಣೆ ಗಿರುಣೆ ಏನೂ ಇರಲಿಲ್ಲ. ಕೆಲವರು ನಮ್ಮನ್ನು ನೋಡಿ ಬೈದರು. ಆ ಬೈಗುಳದ ಮುಖಗಳೇ ಚೆನ್ನಾಗಿ ಬಂದವು.

'ಹಾಗಾದ್ರೆ 1648ರ ಚಿತ್ರ?' ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಬಾಗಿಲಲ್ಲಿ ಭಿಕ್ಷುಕರ ಸಂಸಾರ, ತಾಯಿಯ ಬೆನ್ನಿಗೆ ಮಗು, ಒಳಗಿನಿಂದ ಮುದುಕನೊಬ್ಬ ಅವಳ ಕೈಗೆ ಕಾಸು ಹಾಕುತ್ತಾನೆ. ಸರಿ, ಅಲ್ಲಿ ರೆಂಬ್ರಾಂಟ್ ಮೆತ್ತಗಾಗಿದ್ದಾನೆ. ಆದರೆ ನಡುವೆ 18 ವರ್ಷ ಕಳೆದಿದೆ. ನಡುವಯಸ್ಸಿನವನ ಮನಸ್ಸನ್ನು ತಂದು ಲೈಡನ್ನಿನ ಪೋರನ ತಲೆಗೆ ಕಟ್ಟಬೇಡಿ.

ಪಾಪ ಅಂದುಬಿಟ್ಟರೆ ನೋಡುವ ಕೆಲಸ ಮುಗಿಯಿತು, ಅಲ್ವಾ? ಲೈಕ್ ಒತ್ತಿ ಮುಂದೆ ಹೋಗಬಹುದು. ನನ್ನ ಸಿಟ್ಟು ಅದಕ್ಕೇ. ಅವನ ಚಿತ್ರಗಳ ಬಡವರಿಗೆ ಸೊಕ್ಕಿದೆ, ಕುಂಟು ನೆಪಗಳಿವೆ, ನಗು ಇದೆ. 1634ರ ಪುಟಾಣಿ ಜೋಡಿ ಚಿತ್ರಗಳಲ್ಲಿ ಒಬ್ಬ ಹಳ್ಳಿಗ 'ಏನ್ ಚಳಿ ಕೊರೀತಿದೆ' ಅಂತಾನೆ. ಇನ್ನೊಬ್ಬ ಹಲ್ಲು ಕಿರಿದು 'ಇದೇನು ಮಹಾ' ಅಂತಾನೆ. ಆ ಮಾತನ್ನು ರೆಂಬ್ರಾಂಟ್ ಚಿತ್ರದಲ್ಲೇ ಬರೆದಿದ್ದಾನೆ. ಅಚ್ಚಿನಲ್ಲಿ ಸರಿಯಾಗಿ ಬರಬೇಕಾದರೆ ತಗಡಿನ ಮೇಲೆ ಅಕ್ಷರ ಉಲ್ಟಾ ಬರೆಯಬೇಕು. ಅಷ್ಟು ಕಷ್ಟಪಟ್ಟು ಜೋಕ್ ಹೊಡೆದಿದ್ದಾನೆ ಮಾರಾಯ್ರೆ!

ಕಾಮೆಂಟಿನಲ್ಲಿ 'ಆದರೂ ಕರುಣೆ ಸಾರ್' ಅನ್ನುವವರು ಮೊದಲು ಆ ಎರಡನ್ನು ಹುಡುಕಿ ನೋಡಿ ಬನ್ನಿ. ಜೂಮ್ ಮಾಡಿಯೇ ನೋಡಬೇಕು, ತುಂಬ ಸಣ್ಣವು.